ನಲವತ್ತು ಅಡಿ ಹಿಂದೆ ಸರಿದ ಮನೆ

ಬಾಸ್ಟನ್ನಿನ ಬೋಡಿನ್ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದು ಕೇಂಬ್ರಿಡ್ಜ್ ಸ್ಟ್ರೀಟಿನಲ್ಲಿ ಸ್ವಲ್ಪ ದೂರ ನಡೆದರೆ, ಹಳೆಯ ಚರ್ಚೊಂದರ ಪಕ್ಕದಲ್ಲಿ ಕೆಂಪು ಇಟ್ಟಿಗೆಯ ಮೂರಂತಸ್ತಿನ ಮನೆ ಕಾಣುತ್ತದೆ. ವಕೀಲ ಹ್ಯಾರಿಸನ್ ಗ್ರೇ ಓಟಿಸ್‌ಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಬುಲ್ಫಿಂಚ್ 1796ರಲ್ಲಿ ವಿನ್ಯಾಸಗೊಳಿಸಿದ ಈ ಮನೆ, ಅಮೆರಿಕ ಸ್ವತಂತ್ರವಾದ ಹೊಸದರಲ್ಲಿ ಅಲ್ಲಿ ಬಳಕೆಯಲ್ಲಿದ್ದ ಫೆಡರಲ್ ಶೈಲಿಗೆ ಒಳ್ಳೆಯ ಮಾದರಿ. ನಟ್ಟನಡುವೆ ಬಾಗಿಲು, ಅದರ ಇಕ್ಕೆಲಗಳಲ್ಲಿ ಎರಡೆರಡು ಕಿಟಕಿಗಳು, ಬಾಗಿಲಿನ ನೇರಕ್ಕೆ ಮೇಲೆ ಮೂರು ಭಾಗಗಳ ಪಲ್ಲಾಡಿಯನ್ ಕಿಟಕಿ, ಅದಕ್ಕೂ ಮೇಲೆ ಅರ್ಧಚಂದ್ರಾಕಾರದ್ದೊಂದು. ಇಡೀ ಮುಂಭಾಗದಲ್ಲಿ ಕಣ್ಣಿಗೆ ರಾಚುವ ಅಲಂಕಾರವೆಂಬುದೇ ಇಲ್ಲ. ಬ್ರಿಟಿಷರ ಆಳ್ವಿಕೆಯನ್ನು ಕಿತ್ತೊಗೆದ ಅಮೆರಿಕದ ಶ್ರೀಮಂತರು ಮನೆ ಕಟ್ಟುವಾಗ ಮಾತ್ರ ಬ್ರಿಟನ್ನಿನ ವಾಸ್ತುಶಿಲ್ಪಿ ರಾಬರ್ಟ್ ಆ್ಯಡಮ್‌ನ ಅಭಿರುಚಿಯನ್ನೇ ಅನುಸರಿಸಿದ್ದು ನನಗೆ ತಮಾಷೆಯಾಗಿ ತೋರಿತು.

ಹೊರಗಿನ ಈ ಸಂಯಮ ಒಳಗಿಲ್ಲ. ಬಣ್ಣದ ಹಳೆಯ ಪದರಗಳನ್ನು ಪರೀಕ್ಷಿಸಿ, ಆ ಕಾಲದ ಛಾಯೆಗಳನ್ನೇ ಗೋಡೆಗಳಿಗೆ ಮರಳಿ ಹಚ್ಚಿರುವುದರಿಂದ ಕೋಣೆಗಳು ಢಾಳಾಗಿ ಹೊಳೆಯುತ್ತವೆ. ಗೋಡೆಕಾಗದ ಮತ್ತು ರತ್ನಗಂಬಳಿಗಳ ಅಬ್ಬರವೂ ಅದಕ್ಕೆ ಸೇರಿ, ಹಳೆಯ ಮನೆಯೆಂದರೆ ಮಾಸಿದ ಬಿಳುಪು ಎಂದುಕೊಂಡು ಬಂದವರನ್ನು ತಬ್ಬಿಬ್ಬುಗೊಳಿಸುತ್ತದೆ.

ಆದರೆ ಓಟಿಸ್ ಇಲ್ಲಿ ಕೆಲವೇ ವರ್ಷ ಬಾಳಿದ. ಬೀಕನ್ ಹಿಲ್ ಎಂಬ ಹತ್ತಿರದ ಗುಡ್ಡದ ಜಮೀನು ವ್ಯವಹಾರದಲ್ಲಿ ಪಾಲುದಾರನಾಗಿದ್ದ ಆತ, ಬುಲ್ಫಿಂಚ್‌ನಿಂದಲೇ ಅಲ್ಲಿ ಇನ್ನೂ ಎರಡು ಮನೆಗಳನ್ನು ಒಂದರ ನಂತರ ಒಂದರಂತೆ ಕಟ್ಟಿಸಿಕೊಂಡ. ಮುಂದೆ ನಗರದ ಮೇಯರ್ ಕೂಡ ಆದ. ಅವನು ಬಿಟ್ಟುಹೋದ ಮನೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೆಂಗಸರ ಆವಿಸ್ನಾನದ ಚಿಕಿತ್ಸಾಲಯವಾಯಿತು, ಬಾಡಿಗೆದಾರರ ವಸತಿಗೃಹವಾಯಿತು, ಕೊನೆಗೆ ಮುಂಭಾಗದಲ್ಲಿ ಅಂಗಡಿಗಳನ್ನೂ ಹೊತ್ತಿತು. ಮೇಯರನ ಊಟದ ಮೇಜಿಗಿಂತ ಈ ಬಾಡಿಗೆದಾರರ ಬದುಕೇ ನನ್ನ ಕುತೂಹಲವನ್ನು ಹೆಚ್ಚು ಕೆರಳಿಸಿತು. ಓಟಿಸ್‌ನ ಕೆಲವು ವರ್ಷಗಳನ್ನು ಹೊಳೆಯುವಂತೆ ಮಾಡಲು ಉಳಿದ ನೂರು ವರ್ಷಗಳ ಗುರುತುಗಳಲ್ಲಿ ಬಹುಪಾಲನ್ನು ಒರೆಸಬೇಕಾಗಿ ಬಂದದ್ದು ಇಂಥ ಜೀರ್ಣೋದ್ಧಾರಗಳಿಗೆ ತೆರುವ ಬೆಲೆಯೇ ಸರಿ.

ಇಂದು ಹಿಸ್ಟಾರಿಕ್ ನ್ಯೂ ಇಂಗ್ಲೆಂಡ್ ಎಂದು ಹೆಸರಾಗಿರುವ, ವಿಲಿಯಂ ಸಮ್ನರ್ ಆ್ಯಪಲ್ಟನ್ 1910ರಲ್ಲಿ ಸ್ಥಾಪಿಸಿದ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ 1916ರಲ್ಲಿ ಈ ಮನೆಯನ್ನು ಕೊಂಡುಕೊಂಡಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ರಸ್ತೆ ಅಗಲೀಕರಣದ ಸರದಿ ಬಂತು. ಕೆಡವುವುದಕ್ಕೆ ಒಪ್ಪದೆ, ಇಟ್ಟಿಗೆಯ ಇಡೀ ಕಟ್ಟಡವನ್ನೇ ಅಡಿಪಾಯದಿಂದ ಬಿಡಿಸಿ ಸುಮಾರು 40 ಅಡಿ ಹಿಂದಕ್ಕೆ ಸರಿಸಿ, ಹಿಂಬದಿಯ ಸಾಲುಮನೆಗಳಿಗೆ ಜೋಡಿಸಿದರು. ಇಂದು ಪ್ರವಾಸಿಗರು ನಿಂತು ಮುಂಭಾಗದ ಚಿತ್ರ ತೆಗೆಯುವ ಜಾಗ ಒಂದು ಕಾಲಕ್ಕೆ ಮನೆಯ ಒಳಗೇ ಇತ್ತು.

ಸುತ್ತಲಿನ ವೆಸ್ಟ್ ಎಂಡ್ ಬಡಾವಣೆಗೆ ಅಂಥ ಅದೃಷ್ಟವಿರಲಿಲ್ಲ. ಇಟಲಿ ಮತ್ತು ಪೂರ್ವ ಯೂರೋಪಿನಿಂದ ವಲಸೆ ಬಂದವರ ಸಾವಿರಾರು ಕುಟುಂಬಗಳಿದ್ದ ಆ ಬೀದಿಗಳಲ್ಲಿ ಹೆಚ್ಚಿನವನ್ನು 1950ರ ದಶಕದ ಕೊನೆಯಲ್ಲಿ ನಗರ ನವೀಕರಣದ ಹೆಸರಿನಲ್ಲಿ ನೆಲಸಮ ಮಾಡಲಾಯಿತು. ಅವರ ಕಥೆಯನ್ನು ಹೇಳುವ ಪುಟ್ಟ ವೆಸ್ಟ್ ಎಂಡ್ ಮ್ಯೂಸಿಯಂ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಓಟಿಸ್ ಮನೆಗೆ ಬರುವವರು ಅದಕ್ಕೂ ಒಂದು ಗಂಟೆ ಎತ್ತಿಡುವುದು ಒಳ್ಳೆಯದು.