ಒಂದು ತುಂಡು ಹಗ್ಗ, ಒಂದು ವಾರದ ಉಜ್ಜಾಟ
ಕುಂದಾಪುರದಲ್ಲಿ ಸಮುದ್ರದ ಪಕ್ಕ ಬೆಳೆದವನು ಹೈದರಾಬಾದಿಗೆ ಹೋಗಿ ಹುಸೇನ್ ಸಾಗರ ಕೆರೆಯಲ್ಲಿ ಹಾಯಿದೋಣಿ ಕಲಿತೆ ಅಂದರೆ ಮನೆಯಲ್ಲಿ ಈಗಲೂ ನಗುತ್ತಾರೆ. ನಗಲಿ. ಜುಲೈನಲ್ಲಿ ಪಡುವಣ ಗಾಳಿ ಬೀಸುವಾಗ ಒಮ್ಮೆ ಬಂದು ನೋಡಿದರೆ ಗೊತ್ತಾಗುತ್ತದೆ.

ನನ್ನದು ಹಳೇ ಲೇಸರ್. ಒಬ್ಬರೇ ಓಡಿಸುವ ದೋಣಿ, 4.23 ಮೀಟರ್ ಉದ್ದ, ಒಂದೇ ಹಾಯಿ. ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಮೊದಲ ದಿನದಿಂದಲೂ ಅದರ ಚುಕ್ಕಾಣಿ ವಿಪರೀತ ಭಾರ. ಗಾಳಿ ಸ್ವಲ್ಪ ಜೋರಾದರೆ ಸಾಕು, ಟಿಲ್ಲರ್, ಅಂದರೆ ಚುಕ್ಕಾಣಿ ತಿರುಗಿಸುವ ಹಿಡಿಕೋಲು, ಕೈಯಿಂದ ಕಿತ್ತುಕೊಂಡು ಹೋಗುತ್ತಿತ್ತು. ಜೊತೆಗೆ ಗುಂಯ್ ಅಂತ ಒಂದು ಸದ್ದು ಬೇರೆ.

ಒಂದು ಭಾನುವಾರ ದೊಡ್ಡ ಗಾಳಿ ಬಂತು. ದೋಣಿ ವಾಲಿತು, ಮೂತಿ ಗಾಳಿಯ ಕಡೆಗೆ ತಿರುಗತೊಡಗಿತು, ನಾನು ಗಾಬರಿಯಲ್ಲಿ ಟಿಲ್ಲರನ್ನು ಎದೆಗೆ ಎಳೆದುಕೊಂಡೆ. ಅಷ್ಟೇ, ಚುಕ್ಕಾಣಿಯ ಹಿಡಿತ ಪೂರ್ತಿ ತಪ್ಪಿಹೋಯಿತು. ಅದನ್ನು 15-20 ಡಿಗ್ರಿಗಿಂತ ಜಾಸ್ತಿ ಓರೆ ಮಾಡಿದರೆ ನೀರು ಅದರ ಹಲಗೆಗೆ (ನೀರಲ್ಲಿ ಮುಳುಗಿರುವ ಭಾಗ) ಅಂಟಿಕೊಂಡು ಹರಿಯೋದಿಲ್ಲ, ಕಳಚಿಕೊಳ್ಳುತ್ತದೆ, ಆಮೇಲೆ ಅದು ಚುಕ್ಕಾಣಿ ಅಲ್ಲ, ಬರೀ ಬ್ರೇಕು. ದೋಣಿ ಮಗುಚಿತು. ಹುಸೇನ್ ಸಾಗರದ ಕೊಳಕು ನೀರಲ್ಲಿ ಬಾಯಿ ಮುಚ್ಚಿಕೊಂಡು ಬೀಳೋದನ್ನು ಮೊದಲು ಕಲಿಯಬೇಕು.

ತಪ್ಪೆಲ್ಲ ಹಲಗೆಯದ್ದೇ ಅಂತ ತೀರ್ಮಾನಿಸಿ ಅದನ್ನು ಮನೆಗೆ ತಂದೆ. ಮುಂದಿನ ಅಂಚಿನಲ್ಲಿ ಕಲ್ಲು ತಾಗಿದ ಕಚ್ಚುಗಳಿದ್ದವು. ಎಪಾಕ್ಸಿ ಅಂಟು ತುಂಬಿ, ನುಣ್ಣಗೆ ದುಂಡಾಗುವ ಹಾಗೆ ಉಜ್ಜಿದೆ. 220, 400, 600 ನಂಬರಿನ ಸ್ಯಾಂಡ್‌ಪೇಪರ್, ನೀರು ಹಾಕಿಕೊಂಡು, ರಾತ್ರಿ ಊಟ ಆದ ಮೇಲೆ ಬಾಲ್ಕನಿಯಲ್ಲಿ. ಪಕ್ಕದ ಮನೆಯವರು ಕ್ರಿಕೆಟ್ ಬ್ಯಾಟಾ ಅಂತ ಕೇಳಿದರು. ಹಿಂದಿನ ಅಂಚು ಸವೆದು ಗುಂಡಗಾಗಿತ್ತು. ಗುಂಯ್ ಸದ್ದಿನ ಮೂಲ ಅದೇ. ಅಂಚು ಗುಂಡಗಿದ್ದರೆ ನೀರು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸುಳಿಯಾಗಿ ಬಿಡುತ್ತದೆ, ಹಲಗೆ ನಡುಗುತ್ತದೆ. ಅದನ್ನು ಸುಮಾರು 2 ಮಿಲಿಮೀಟರ್ ದಪ್ಪಕ್ಕೆ ತಂದು, ತುದಿಯನ್ನು ಚೌಕವಾಗಿ ಮಾಡಿದೆ. (ರೇಸಿಗೆ ಹೋಗುವವರು ನಿಯಮ ನೋಡಿಕೊಂಡು ಉಜ್ಜಿ. ಲೇಸರ್‌ನಲ್ಲಿ ಆಕಾರ ಬದಲಾಯಿಸುವ ಹಾಗಿಲ್ಲ.)

ಮುಂದಿನ ಭಾನುವಾರ ಸದ್ದು ಮಾಯ. ಭಾರ ಮಾತ್ರ ಹಾಗೇ ಇತ್ತು! ಅಳು ಬರೋದೊಂದು ಬಾಕಿ.

ಕೊನೆಗೆ ಕಂಡುಹಿಡಿದವನು ರೆಸ್ಕ್ಯೂ ಬೋಟಿನ ಹುಡುಗ. ಹಿಂದಿನಿಂದ ಬರುತ್ತಿದ್ದವನು ಅಂಗೈಯನ್ನು ಓರೆ ಮಾಡಿ ತೋರಿಸಿದ: ಹಲಗೆ ಹಿಂದಕ್ಕೆ ಎದ್ದಿದೆ. ಲೇಸರ್ ಚುಕ್ಕಾಣಿಯನ್ನು ದಡದಲ್ಲಿ ಮೇಲೆತ್ತಿ, ನೀರಿಗಿಳಿದ ಮೇಲೆ ಹಗ್ಗ ಎಳೆದು ಕೆಳಗಿಳಿಸಿ ಕಟ್ಟಬೇಕು. ನನ್ನ ಹಗ್ಗ ಹಳೇದು, ಎಳೆ ಬಿಟ್ಟು ಜಾರುತ್ತಿತ್ತು. ಹಲಗೆ ನಾಲ್ಕು ಬೆರಳು ಹಿಂದೆ ಸರಿದರೆ ಏನಾಗುತ್ತದೆ ಅಂದರೆ, ನೀರಿನ ಒತ್ತಡ ಚುಕ್ಕಾಣಿ ತಿರುಗುವ ಕೀಲಿನಿಂದ ಅಷ್ಟು ದೂರ ಹೋಗುತ್ತದೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಅಲ್ಲಾಡೋದಿಲ್ಲ, ಚಿಲಕದ ಹತ್ತಿರ ತಳ್ಳಿದರೆ ಸಲೀಸು, ಅಲ್ವಾ? ನೀರು ನನ್ನ ಚುಕ್ಕಾಣಿಯ ಚಿಲಕದ ಹತ್ತಿರವೇ ತಳ್ಳುತ್ತಿತ್ತು.

ಹಿಗ್ಗದ ಡೈನೀಮಾ ಹಗ್ಗ ತಂದು, ಕುಣಿಕೆ ಹಾಕಿ ಇನ್ನಷ್ಟು ಬಿಗಿಯಾಗಿ ಎಳೆದು ಕಟ್ಟಿದೆ. ಹಲಗೆಯ ಬೋಲ್ಟ್ ಕೂಡ ಸಡಿಲವಿತ್ತು, ಅದನ್ನೂ ಬಿಗಿ ಮಾಡಿದೆ. ಎಲ್ಲ ಸೇರಿ ಅರ್ಧ ಗಂಟೆ ಕೆಲಸ.

ಇದನ್ನೆಲ್ಲ ಫೋನಿನಲ್ಲಿ ದೊಡ್ಡಪ್ಪನಿಗೆ ಹೇಳಿದೆ. ಅವರು ಹಿಂದೆ ಹಾಯಿ ಕಟ್ಟಿ ಮೀನಿಗೆ ಹೋದವರು. ಹಗ್ಗದ ಕಥೆ ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ಮಾರಾಯ, ದೋಣಿ ವಾಲಿಸ್ಕೊಂಡು ಕೂತು ಚುಕ್ಕಾಣಿ ಮೇಲೆ ಸಿಟ್ಟು ಮಾಡಿದ್ರೆ ಎಂತ ಬಂತು?" ಅಂದರು. ಹೌದು. ವಾಲಿದ ದೋಣಿ ತಾನಾಗಿಯೇ ಗಾಳಿಯ ಕಡೆ ತಿರುಗುತ್ತದೆ, ಚುಕ್ಕಾಣಿ ಅದರ ಜೊತೆ ಗುದ್ದಾಡಬೇಕು. ನಾವೇ ಗಾಳಿ ಬರುವ ಕಡೆಗೆ ಮೈ ಆಚೆ ಚಾಚಿ ಕೂತು, ಹಾಯಿ ಸ್ವಲ್ಪ ಸಡಿಲ ಬಿಟ್ಟು, ದೋಣಿಯನ್ನು ಸಮ ಮಾಡಿದರೆ ಎರಡು ಬೆರಳಲ್ಲಿ ಟಿಲ್ಲರ್ ಹಿಡಿಯಬಹುದು.

ಈಗ ಭಾರ ಅನ್ನಿಸಿದರೆ ಮೊದಲು ಹಿಂದೆ ತಿರುಗಿ ಹಗ್ಗ ನೋಡುತ್ತೇನೆ, ಆಮೇಲೆ ದೋಣಿ ವಾಲಿದೆಯಾ ಅಂತ. ಹೋದ ವಾರ ಎರಡೂ ಸರಿ ಇತ್ತು, ಆದರೂ ದೋಣಿ ಮುಂದೆ ಹೋಗುತ್ತಿಲ್ಲ. ಬಗ್ಗಿ ಕೈ ಹಾಕಿದರೆ ಹಲಗೆಗೆ ಹಾಲಿನ ಕವರ್ ಸುತ್ತಿಕೊಂಡಿತ್ತು.