ಕಬ್ಬಿನ ಹೊಲದ ಇಲಿ, ಪೋಕೆಮಾನ್‌ನ ಇಲಿ

ಜಮಖಂಡಿ, ಮುಧೋಳ, ಅಥಣಿ ಕಡೆ ಕಬ್ಬು ಬೆಳೆಯೋರ ಮನೆ ಹುಡುಗರಿಗೆ ಇಲಿ ಬಗ್ಗೆ ಹೊಸದಾಗಿ ಹೇಳಬೇಕಾದ್ದು ಕಡಿಮೆ. ಬದುವಿನಲ್ಲಿ ಬಿಲ, ಬುಡಕ್ಕೆ ಕಡಿದ ಜಲ್ಲೆ, ಗಾಳಿಗೆ ಮಲಗಿದ ಕಬ್ಬಿನೊಳಗೆ ರಾತ್ರಿಯಿಡೀ ಪರಪರ ಸದ್ದು. ಅದೇ ಹುಡುಗರು ಪ್ರಾಣಿಗಳನ್ನು ಹಿಡಿದು ಬೆಳೆಸಿ ಕಾದಾಡಿಸುವ ವಿಡಿಯೊ ಆಟ ಪೋಕೆಮಾನ್ ಆಡುವಾಗ, ಮೊದಲ ಹುಲ್ಲಿನಲ್ಲೇ ಸಿಗುವ ರಟಾಟಾ ಎಂಬ ಇಲಿಯನ್ನು ಕೆಲಸಕ್ಕೆ ಬಾರದ್ದು ಅಂತ ಬಿಟ್ಟು ಮುಂದೆ ಹೋಗುತ್ತಾರೆ. ಅಂಕಿ ನೋಡಿದರೆ ತಪ್ಪೇನಿಲ್ಲ. ರಟಾಟಾದ ಆರು ಮೂಲ ಅಂಕಿ (ದಾಳಿ, ರಕ್ಷಣೆ, ವೇಗ ಮುಂತಾದ ಬಲಗಳ ಅಳತೆ) ಕೂಡಿಸಿದರೆ 253, ಲೆವೆಲ್ 20ಕ್ಕೆ ಬೆಳೆದು ರಾಟಿಕೇಟ್ ಆದ ಮೇಲೂ 413. ಆದರೆ ಹೊಲದ ಇಲಿ ಎಂದಾದರೂ ಮೈಬಲದಿಂದ ಬೆಳೆ ಹಾಳು ಮಾಡಿದ್ದುಂಟೆ? ಹಲ್ಲು, ಗಲ್ಲ, ಕತ್ತಲು, ಸಂತತಿ, ಇವೇ ಅದರ ಆಯುಧ. ಆಟ ಕಟ್ಟಿದವರು ಇದನ್ನೇ ಹಿಡಿದು ಮೂವ್‌ಗಳನ್ನು, ಅಂದರೆ ಪಂದ್ಯದಲ್ಲಿ ಹಾಕುವ ಪಟ್ಟುಗಳನ್ನು, ಮಾಡಿದ್ದಾರೆ.

ಹಲ್ಲಿನಿಂದ ಶುರು ಮಾಡೋಣ. ದಂಶಕಗಳ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತವೆ, ಕಡಿಯದಿದ್ದರೆ ಬಾಯಿ ಮುಚ್ಚಲಾಗದಷ್ಟು ಉದ್ದವಾಗುತ್ತವೆ. ಆಟದಲ್ಲಿ ಇದು ಸೂಪರ್ ಫ್ಯಾಂಗ್ ಆಗಿದೆ. ಎದುರಾಳಿಗೆ ಈಗ ಎಷ್ಟು ಎಚ್‌ಪಿ (ಜೀವದ ಅಂಕ, ಸೊನ್ನೆಯಾದರೆ ಸೋಲು) ಉಳಿದಿದೆಯೋ ಅದರ ಅರ್ಧ ಹೋಗುತ್ತದೆ. 200 ಇದ್ದರೆ 100, ಮತ್ತೆ ಕಚ್ಚಿದರೆ 50, ಆಮೇಲೆ 25. ಕಚ್ಚುವವನ ಲೆವೆಲ್ಲು, ಎದುರಿನವನ ರಕ್ಷಣೆ ಯಾವುದೂ ಲೆಕ್ಕಕ್ಕಿಲ್ಲ. ಹೊಸಬರು ಇದನ್ನು ಕೊನೆಯ ಏಟಿಗೆ ಇಟ್ಟುಕೊಳ್ಳುತ್ತಾರೆ, ಅದೇ ತಪ್ಪು. ಮೊದಲ ಏಟಿಗೆ ಬಳಸಿ, ಉಳಿದದ್ದನ್ನು ಬೇರೆಯವರಿಂದ ಮುಗಿಸಿ. ತಾಗುವ ಸಾಧ್ಯತೆ 90 ಪ್ರತಿಶತ. ಮೂವ್‌ಗೂ ಪೋಕೆಮಾನ್‌ಗೂ ಟೈಪ್ ಎಂಬ ಜಾತಿ ಇರುತ್ತದೆ; ಇದು ನಾರ್ಮಲ್ ಟೈಪ್ ಆದ್ದರಿಂದ ಘೋಸ್ಟ್ ಟೈಪ್‌ನವರ ಮೇಲೆ ನಡೆಯುವುದಿಲ್ಲ.

ರಟಾಟಾಗೆ ಹೆಸರು ತಂದದ್ದು ಮಾತ್ರ ಇನ್ನೊಂದು ಉಪಾಯ. ಆಡುವವರು ಅದನ್ನು ಫಿಯರ್ ಅನ್ನುತ್ತಾರೆ. ಬೇಕಾದ್ದು ಲೆವೆಲ್ 1ರ ರಟಾಟಾ, ಕೈಯಲ್ಲಿ ಫೋಕಸ್ ಸ್ಯಾಶ್ ಎಂಬ ಐಟಂ, ಮೂವ್‌ಗಳಲ್ಲಿ ಎಂಡೆವರ್ ಮತ್ತು ಕ್ವಿಕ್ ಅಟ್ಯಾಕ್. ಲೆವೆಲ್ 1ಕ್ಕೆ ಈ ಮೂವ್‌ಗಳು ತಾವಾಗಿ ಬರುವುದಿಲ್ಲ. ತಂದೆ, ತಾಯಿ ಇಬ್ಬರಿಗೂ ಎರಡೂ ಮೂವ್ ಗೊತ್ತಿರಬೇಕು, ಆಗ ಮೊಟ್ಟೆಯೊಡೆದ ಮರಿಗೆ ಹುಟ್ಟಿನಿಂದಲೇ ಬರುತ್ತವೆ. ಮರಿಯ ಎಚ್‌ಪಿ ಹೆಚ್ಚೆಂದರೆ 11 ಅಥವಾ 12. ಎದುರಿನವನು ಏನೇ ಹೊಡೆದರೂ ಸ್ಯಾಶ್‌ನಿಂದ 1 ಉಳಿಯುತ್ತದೆ. ಆಗ ಎಂಡೆವರ್ ಹಾಕಿದರೆ ಎದುರಾಳಿಯ ಎಚ್‌ಪಿ ಕೂಡ ನಮ್ಮಷ್ಟೇ, ಅಂದರೆ 1ಕ್ಕೆ ಇಳಿಯುತ್ತದೆ. ಮುಂದಿನ ಸರದಿಯಲ್ಲಿ ಕ್ವಿಕ್ ಅಟ್ಯಾಕ್ ಮೊದಲು ಹೋಗಿ ಆ ಒಂದನ್ನೂ ತೆಗೆಯುತ್ತದೆ. ಲೆವೆಲ್ 100ರ ಡ್ರ್ಯಾಗನ್ ಕೂಡ ಇಲಿಮರಿಯ ಮುಂದೆ ಬೀಳುತ್ತದೆ.

ಕೆಡುವುದು ಎಲ್ಲಿ? ಹಲವು ಕಡೆ. ಸ್ಯಾಶ್ ಕೆಲಸ ಮಾಡುವುದು ಎಚ್‌ಪಿ ಪೂರ್ತಿ ಇದ್ದಾಗ ಮಾತ್ರ. ಎದುರಿನವನು ಮೊದಲೇ ಸ್ಟೆಲ್ತ್ ರಾಕ್ ಮೂವ್‌ನಿಂದ ಚೂಪುಗಲ್ಲು ಹಾಸಿದ್ದರೆ ಒಳಗೆ ಬರುವಾಗಲೇ ಗಾಯವಾಗಿ ಸ್ಯಾಶ್ ದಂಡ. ಮರಳಗಾಳಿ ಬೀಸುತ್ತಿದ್ದರೆ ಉಳಿದ ಆ ಒಂದು ಎಚ್‌ಪಿ ಸರದಿಯ ಕೊನೆಗೆ ಹೋಗುತ್ತದೆ. ಎರಡು ಮೂರು ಬಾರಿ ಬಡಿಯುವ ಮೂವ್ ಬಂದರೆ ಮೊದಲ ಬಡಿತಕ್ಕೆ ಸ್ಯಾಶ್, ಎರಡನೆಯದಕ್ಕೆ ಇಲಿ. ಘೋಸ್ಟ್ ಎದುರು ಎರಡೂ ಮೂವ್ ವ್ಯರ್ಥ. ಎದುರಾಳಿಯ ಬಳಿಯೂ ಕ್ವಿಕ್ ಅಟ್ಯಾಕ್‌ನಂಥ ಮುನ್ನುಗ್ಗುವ ಮೂವ್ ಇದ್ದರೆ ವೇಗ ಹೆಚ್ಚಿದ್ದವನದೇ ಮೊದಲು, ಲೆವೆಲ್ 1ರ ಇಲಿ ಯಾವತ್ತೂ ಹಿಂದೆ. ಎಲ್ಲಕ್ಕಿಂತ ಹೆಚ್ಚಾಗಿ ಜನ ಮರೆಯುವುದು ಎಚ್‌ಪಿ ತುಂಬಿಸುವ ಐಟಂ ಲೆಫ್ಟೋವರ್ಸ್. ಎಚ್‌ಪಿ 320 ಇರುವವನಿಗೆ ಅದು ಸರದಿಗೆ 20 ತುಂಬಿಸುತ್ತದೆ, ನಮ್ಮ ಮರಿಯ ಕ್ವಿಕ್ ಅಟ್ಯಾಕ್ ಕೀಳುವುದು ಎರಡೋ ಮೂರೋ. ಇನ್ನೊಂದು ಮಾತು: ಕಥೆಯ ಆಟದಲ್ಲಿ ಇದನ್ನು ಬಳಸಿದರೆ ಒಂದೇ ಗೆಲುವಿಗೆ ಲೆವೆಲ್ ಏರಿ ಉಪಾಯವೇ ಕೆಡುತ್ತದೆ. ಗೆಳೆಯರ ಜೊತೆಗಿನ ಲಿಂಕ್ ಪಂದ್ಯಕ್ಕೆ ಇಟ್ಟುಕೊಳ್ಳಿ.

ಕತ್ತಲಿನ ವಿಷಯಕ್ಕೆ ಬಂದರೆ, ಇದು ನಮ್ಮ ಕಬ್ಬಿನ ಸೀಮೆಯವರೇ ಸರಿಯಾಗಿ ಅರಿಯಬಲ್ಲ ಭಾಗ. 2016ರ ಸನ್ ಮತ್ತು ಮೂನ್ ಆಟಗಳ ಅಲೋಲಾ ಪ್ರದೇಶದ ಮೂಲ ಹವಾಯಿ. ಅಲ್ಲಿಯ ಕಬ್ಬಿನ ತೋಟಗಳಲ್ಲಿ ಇಲಿ ಹೆಚ್ಚಿ 1883ರಲ್ಲಿ ಜಮೈಕಾದಿಂದ ಮುಂಗುಸಿ ತರಿಸಿದರು. ಜಮೈಕಾಗೆ ಅವು ಹೋಗಿದ್ದು 1872ರಲ್ಲಿ, ಕಲ್ಕತ್ತಾದಿಂದ, ಅಲ್ಲೂ ಕಬ್ಬಿಗಾಗಿಯೇ. ಹವಾಯಿಯಲ್ಲಿ ಎಣಿಕೆ ಉಲ್ಟಾ ಹೊಡೆಯಿತು. ಇಲಿ ಹೊರಬೀಳುವುದು ರಾತ್ರಿ, ಮುಂಗುಸಿ ತಿರುಗುವುದು ಹಗಲು. ಬೇಟೆ ಸಿಗದ ಮುಂಗುಸಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗೆ ಬಾಯಿ ಹಾಕಿತು. ಆಟದಲ್ಲೂ ಹಾಗೇ ಇಟ್ಟಿದ್ದಾರೆ. ಇಲಿಗಳನ್ನು ಹಿಡಿಯಲು ತಂದ ಯಂಗೂಸ್ ಎಂಬ ಮುಂಗುಸಿ ಹಗಲಿಗೆ ಸಿಗುತ್ತದೆ, ಕಪ್ಪು ಮೈಯ ಅಲೋಲಾ ರಟಾಟಾ ರಾತ್ರಿಗೆ. ನಮ್ಮ ಕಡೆ ಹೊಲದಲ್ಲಿ ಟಿ ಆಕಾರದ ಕೋಲು ನೆಟ್ಟು ಗೂಗೆ ಕೂರಲು ಜಾಗ ಮಾಡುವವರಿಗೆ ಈ ತಪ್ಪು ತಕ್ಷಣ ಹೊಳೆಯುತ್ತದೆ. ಅಲೋಲಾದಲ್ಲಿ ರೌಲೆಟ್ ಅನ್ನೋ ಗೂಗೆಮರಿ ಇತ್ತಲ್ಲ, ಅದನ್ನು ಬಿಟ್ಟು ಮುಂಗುಸಿ ಯಾಕೆ ತಂದರೋ!

ಇಲ್ಲಿ ಆಡುವವರು ಎಡವುವುದು ಗಡಿಯಾರದಲ್ಲಿ. ಅಲೋಲಾ ರಟಾಟಾ ಲೆವೆಲ್ 20ರ ನಂತರ ರಾಟಿಕೇಟ್ ಆಗುವುದು ರಾತ್ರಿ ಲೆವೆಲ್ ಏರಿದರೆ ಮಾತ್ರ. ಹಗಲಲ್ಲಿ 20, 21 ದಾಟಿದರೂ ಹಾಗೇ ಇರುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಯಂಗೂಸ್‌ಗೆ ಇದರ ವಿರುದ್ಧ, ಹಗಲೇ ಬೇಕು. ಸನ್ ಆಟ ಯಂತ್ರದ ಸಮಯಕ್ಕೇ ನಡೆಯುತ್ತದೆ, ಮೂನ್ 12 ತಾಸು ಆಚೀಚೆ. ಮೂನ್ ಆಡುವವರಿಗೆ ಮಧ್ಯಾಹ್ನದ ಊಟದ ಹೊತ್ತೇ ನಡುರಾತ್ರಿ. ಬೆಳೆದ ಅಲೋಲಾ ರಾಟಿಕೇಟ್ ಡಾರ್ಕ್ ಮತ್ತು ನಾರ್ಮಲ್, ಎರಡಕ್ಕೂ ಫೈಟಿಂಗ್ ಶತ್ರು. ಹೀಗಾಗಿ ಒಂದು ಗುದ್ದಿಗೆ ನಾಲ್ಕು ಪಟ್ಟು ಪೆಟ್ಟು.

ಇನ್ನು ಸಂತತಿ. ಮೂರು ವಾರದ ಗಬ್ಬ, ಒಂದೊಂದು ಸೂಲಿಗೆ ಹಿಂಡು ಮರಿ. ಇಲಿಯ ಲೆಕ್ಕ ಯಾರ ಕೈಗೂ ಸಿಗುವುದಿಲ್ಲ. ಜಪಾನಿನಲ್ಲಿ ಹಳೆಯ ಲೆಕ್ಕವೊಂದಿದೆ, ಹೆಸರು ನೆಜುಮಿಜಾನ್, ಅಂದರೆ ಇಲಿ ಲೆಕ್ಕ. ಜನವರಿಯಲ್ಲಿ ಒಂದು ಜೋಡಿ 12 ಮರಿ ಹಾಕುತ್ತದೆ, ಒಟ್ಟು 14. ಪ್ರತಿ ತಿಂಗಳೂ ಎಲ್ಲ ಜೋಡಿಗಳೂ ಹನ್ನೆರಡು ಹನ್ನೆರಡು ಹಾಕಿದರೆ ವರ್ಷದ ಕೊನೆಗೆ ಎಷ್ಟು? ತಿಂಗಳಿಗೆ ಏಳು ಪಟ್ಟು ಆಗುತ್ತಾ ಹೋಗಿ ಉತ್ತರ 2,768 ಕೋಟಿ 25 ಲಕ್ಷ 74 ಸಾವಿರದ 402. ಸ್ಕಾರ್ಲೆಟ್ ಮತ್ತು ವಯೊಲೆಟ್ ಆಟಗಳಲ್ಲಿ ಮೌಸ್‌ಹೋಲ್ಡ್ ಎಂಬ ಇಲಿ ಕುಟುಂಬ ಬಳಸುವ ಪಾಪ್ಯುಲೇಷನ್ ಬಾಂಬ್ ಎಂಬ ಮೂವ್‌ನ ಜಪಾನಿ ಹೆಸರು ಇದೇ.

ಈ ಮೂವ್‌ನ ಶಕ್ತಿ 20 ಅಷ್ಟೇ, ಆದರೆ ಹತ್ತು ಬಾರಿ ಬಡಿಯಬಹುದು. ಪ್ರತಿ ಬಡಿತಕ್ಕೂ 90 ಪ್ರತಿಶತದ ಪರೀಕ್ಷೆ ಬೇರೆ ಬೇರೆ, ಒಂದು ತಪ್ಪಿದರೆ ಅಲ್ಲಿಗೆ ನಿಲ್ಲುತ್ತದೆ. ಹತ್ತೂ ತಾಗುವ ಸಾಧ್ಯತೆ 35 ಪ್ರತಿಶತ, ಸರಾಸರಿ ಆರು ಬಡಿತಕ್ಕೂ ಕಡಿಮೆ. ಗುರಿ ಚುರುಕು ಮಾಡುವ ಐಟಂ ವೈಡ್ ಲೆನ್ಸ್ ಕೊಟ್ಟರೆ 90 ಇದ್ದದ್ದು 99 ಆಗಿ, ಹತ್ತೂ ತಾಗುವ ಸಾಧ್ಯತೆ 90 ಪ್ರತಿಶತಕ್ಕೆ ಏರುತ್ತದೆ. ಇಷ್ಟು ಚಿಕ್ಕ ಐಟಂ ಇಷ್ಟು ದೊಡ್ಡ ವ್ಯತ್ಯಾಸ ಮಾಡುವುದು ಈ ಆಟದಲ್ಲಿ ಅಪರೂಪ. ಅಬಿಲಿಟಿ (ಪೋಕೆಮಾನ್‌ಗೆ ಇರುವ ಸಹಜ ಗುಣ) ಟೆಕ್ನಿಷಿಯನ್ ಇರಲೇಬೇಕು, ಶಕ್ತಿ 60ರೊಳಗಿನ ಮೂವ್‌ಗೆ ಅದು ಒಂದೂವರೆ ಪಟ್ಟು ಬಲ ಕೊಡುತ್ತದೆ. ಅದು ಗುಪ್ತ ಅಬಿಲಿಟಿ. ಬೆಳೆದು ಮೌಸ್‌ಹೋಲ್ಡ್ ಆಗುವ ಟ್ಯಾಂಡೆಮೌಸ್ ಹಿಡಿದಾಗ ಅದಕ್ಕೆ ಗುಪ್ತ ಅಬಿಲಿಟಿ ಇರದಿದ್ದರೆ ಅಬಿಲಿಟಿ ಪ್ಯಾಚ್ ಎಂಬ ಐಟಂ ಖರ್ಚು ಮಾಡಬೇಕು. ಮೊದಲು ಒಂದು ಸರದಿ ಟೈಡಿ ಅಪ್ ಎಂಬ ಮೂವ್ ಹಾಕಿದರೆ ಎದುರಿನವನು ಪೆಟ್ಟಿಗೆ ಅಡ್ಡ ಇಟ್ಟ ಗೊಂಬೆ ಸಬ್‌ಸ್ಟಿಟ್ಯೂಟ್, ನೆಲಕ್ಕೆ ಹಾಸಿದ ಕಲ್ಲುಮುಳ್ಳು ಎಲ್ಲ ಗುಡಿಸಿಹೋಗಿ, ದಾಳಿ ಮತ್ತು ವೇಗ ಒಂದೊಂದು ಮೆಟ್ಟಿಲು ಏರುತ್ತವೆ. ಎಚ್ಚರ ಬೇಕಾದ್ದು ರಾಕಿ ಹೆಲ್ಮೆಟ್ ಧರಿಸಿದವರ ಎದುರು. ಮೈಮುಟ್ಟುವ ಪ್ರತಿ ಬಡಿತಕ್ಕೂ ನಮ್ಮ ಎಚ್‌ಪಿಯ ಆರನೇ ಒಂದು ಪಾಲು ಹೋಗುತ್ತದೆ, ಆರೇಳು ಬಡಿತಕ್ಕೆ ಇಡೀ ಕುಟುಂಬ ನೆಲ ಕಚ್ಚುತ್ತದೆ. ಅಂದಹಾಗೆ ಕುಟುಂಬದಲ್ಲಿ ಸಾಮಾನ್ಯವಾಗಿ ನಾಲ್ವರು, ನೂರಕ್ಕೆ ಒಂದರಲ್ಲಿ ಮಾತ್ರ ಮೂವರು. ಬಲದಲ್ಲಿ ವ್ಯತ್ಯಾಸವಿಲ್ಲ, ಕೂಡಿಡುವವರಿಗೆ ಮಾತ್ರ ಹುಚ್ಚು.

ಗಲ್ಲದ ಮಾತಿಗೆ ಪಿಕಾಚು ಬರಲೇಬೇಕು. ಅದರ ಚಿತ್ರ ಬರೆದ ಅತ್ಸುಕೊ ನಿಶಿದಾ ಅವರ ಮನಸ್ಸಿನಲ್ಲಿದ್ದದ್ದು ಗಲ್ಲದಲ್ಲಿ ತಿಂಡಿ ತುಂಬಿಕೊಳ್ಳುವ ಅಳಿಲು; ತಿಂಡಿಯ ಜಾಗದಲ್ಲಿ ಕರೆಂಟು ಬಂತು. ಪಿಕಾಚುಗೆ ಲೈಟ್ ಬಾಲ್ ಎಂಬ ಐಟಂ ಕೊಟ್ಟರೆ ಎರಡೂ ಬಗೆಯ ದಾಳಿ ಇಮ್ಮಡಿ. ಥಂಡರ್ ಸ್ಟೋನ್ ಕೊಟ್ಟು ರೈಚು ಮಾಡಿದರೆ ಆ ಚೆಂಡು ಕೆಲಸಕ್ಕೆ ಬಾರದು. ಲೈಟ್ ಬಾಲ್ ಹಿಡಿದ ಪಿಕಾಚುವಿನ ಮೊಟ್ಟೆಯಿಂದ ವೋಲ್ಟ್ ಟ್ಯಾಕಲ್ ಮೂವ್ ಬಲ್ಲ ಮರಿ, ಅಂದರೆ ಪಿಚು, ಹುಟ್ಟುತ್ತದೆ, ಆದರೆ ಕೊಟ್ಟ ಪೆಟ್ಟಿನ ಮೂರನೇ ಒಂದು ಪಾಲು ತನಗೇ ತಾಗುವುದರಿಂದ ಬಳಸುವಾಗ ಲೆಕ್ಕ ಇರಲಿ. ಗಲ್ಲದ ನಿಜವಾದ ಉಪಯೋಗ ಗ್ರೀಡೆಂಟ್ ಎಂಬ ಅಳಿಲಿಗೆ. ಚೀಕ್ ಪೌಚ್ ಅಬಿಲಿಟಿ ಇದ್ದಾಗ ಹಣ್ಣು ತಿಂದರೆ ಹಣ್ಣಿನ ಗುಣದ ಜೊತೆಗೆ ಮೂರನೇ ಒಂದು ಪಾಲು ಎಚ್‌ಪಿ ಹೆಚ್ಚುವರಿ. ಸಿಟ್ರಸ್ ಬೆರ್ರಿ ಕೊಡುವ ಕಾಲು ಭಾಗ ಸೇರಿಸಿದರೆ ಒಂದೇ ಹಣ್ಣಿಗೆ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಎದುರಾಳಿಯ ನಾಕ್ ಆಫ್ ಮೂವ್ ಬಂದು ಹಣ್ಣು ಕಿತ್ತುಕೊಂಡರೆ ಮುಗಿಯಿತು.

ಪಚಿರಿಸು ನೋಡಲು ಪಿಕಾಚುವಿನ ಬಡ ನೆಂಟ, ಮೂಲ ಅಂಕಿಗಳ ಮೊತ್ತ 405. ಆದರೆ 2014ರ ವಿಶ್ವ ಪಂದ್ಯದಲ್ಲಿ, ವಾಷಿಂಗ್ಟನ್ ಡಿ.ಸಿ.ಯಲ್ಲಿ, ಕೊರಿಯಾದ ಸೆ ಜುನ್ ಪಾರ್ಕ್ ಗೆದ್ದದ್ದು ಈ ಅಳಿಲನ್ನು ತಂಡದಲ್ಲಿಟ್ಟುಕೊಂಡೇ. ಜೋಡಿ ಪಂದ್ಯದಲ್ಲಿ ಫಾಲೋ ಮಿ ಹಾಕಿ ಪೆಟ್ಟನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುವುದು, ವೋಲ್ಟ್ ಅಬ್ಸಾರ್ಬ್‌ನಿಂದ ಕರೆಂಟಿನ ಪೆಟ್ಟನ್ನು ಊಟ ಮಾಡುವುದು, ನಝಲ್‌ನಿಂದ ಲಕ್ವ ಹೊಡೆಸುವುದು, ಸೂಪರ್ ಫ್ಯಾಂಗ್‌ನಿಂದ ಅರ್ಧ ಕಚ್ಚುವುದು. ಅರ್ತ್‌ಕ್ವೇಕ್‌ನಂತೆ ಎಲ್ಲರಿಗೂ ತಾಗುವ ಮೂವ್‌ಗಳನ್ನು ಫಾಲೋ ಮಿ ಎಳೆಯಲಾರದು, ಗ್ರೌಂಡ್ ಟೈಪ್ ಮೇಲೆ ನಝಲ್ ನಾಟುವುದಿಲ್ಲ.

ವರ್ಗದ ಹೆಸರು ನಂಬಬೇಡಿ. ಸ್ಯಾಂಡ್‌ಶ್ರೂಗೆ ಆಟ ಇಲಿ ಅನ್ನುತ್ತದೆ, ಮೈ ನೋಡಿದರೆ ಚಿಪ್ಪುಹಂದಿ. ಬನೆಲ್ಬಿ, ಸ್ಕಾರ್‌ಬನ್ನಿ ಮೊಲದ ಜಾತಿ, ಮೊಲ ದಂಶಕವೇ ಅಲ್ಲ. ಫೋನಿನಲ್ಲಿ ಪೋಕೆಮಾನ್ ಗೋ ಆಡುವವರು ಮೇಲಿನ ಉಪಾಯಗಳನ್ನು ಅಲ್ಲಿ ಹುಡುಕಬೇಡಿ: ಅದರಲ್ಲಿ ಪಂದ್ಯಕ್ಕೆ ಕೈಯಲ್ಲಿ ಹಿಡಿಸುವ ಐಟಂಗಳೇ ಇಲ್ಲ, ಹಾಗಾಗಿ ಸ್ಯಾಶೂ ಇಲ್ಲ, ವೈಡ್ ಲೆನ್ಸೂ ಇಲ್ಲ.