ರಾಜರತ್ನಂ ಸಿಕ್ಕ ದಿನ

ಮುಳಬಾಗಿಲಿನಲ್ಲಿ ನಮ್ಮ ಸಂಬಂಧಿಕರ ಮದುವೆ. ಬೆಳಗಿನ ಮುಹೂರ್ತ. ಕೋಲಾರದ ಕಡೆ ಮದುವೆ ಅಂದರೆ ವಾಲಗ ಇರಲೇಬೇಕು. ಹಿಂದಿನ ರಾತ್ರಿ ಆರತಕ್ಷತೆಗೆ ಆರ್ಕೆಸ್ಟ್ರಾ ಕರೆಸಲಿ, ಡಿಜೆ ಹಾಕಿಸಲಿ, ಬೆಳಿಗ್ಗೆ ಧಾರೆಗೆ ನಾಗಸ್ವರ, ಡೋಲು ಬೇಕೇ ಬೇಕು. ಪುರೋಹಿತರು ಕೈ ಎತ್ತಿ ‘ಗಟ್ಟಿಮೇಳ’ ಅಂದ ಕೂಡಲೇ ಏಳುವ ಆ ಸದ್ದಿಗೆ ಈಗಲೂ ನನ್ನ ಮೈ ಜುಂ ಅನ್ನುತ್ತದೆ. ತಾಳಿ ಕಟ್ಟಿದ್ದು ಕಾಣದ ಹಿಂದಿನ ಸಾಲಿನವರಿಗೂ ಅದರಿಂದಲೇ ಗೊತ್ತಾಗುತ್ತದೆ. ಅಕ್ಷತೆ ಹಾರುತ್ತದೆ.

ಆ ದಿನದ ದೊಡ್ಡ ಖುಷಿ ಸಿಕ್ಕಿದ್ದು ಗಟ್ಟಿಮೇಳವೆಲ್ಲ ಮುಗಿದ ಮೇಲೆ. ಜನ ಊಟದ ಹಾಲ್ ಕಡೆ ಹೊರಟಿದ್ದರು. ವಾಲಗದವರು ಛತ್ರದ ಪಕ್ಕದ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು ಲೋಟ ಕೆಳಗಿಟ್ಟು, ನಾಗಸ್ವರಕ್ಕೆ ಬೇರೆ ಸೀವಾಳಿ, ಅಂದರೆ ಊದುವ ಪೀಪಿ, ಸಿಕ್ಕಿಸಿ, ತುಟಿಯಲ್ಲಿ ಒದ್ದೆ ಮಾಡಿಕೊಂಡು, ಸರಿಯಾಗಿದೆಯಾ ಅಂತ ಸುಮ್ನೆ ಊದಿ ನೋಡಿದರು. ಮಂಟಪದಲ್ಲಿ ಬೆಳಿಗ್ಗೆಯಿಂದ ನುಡಿಸಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಮೆಲ್ಲಗೆ ಶುರುವಾದ ಒಂದು ಸ್ವರ ಅಲ್ಲೇ ತೂಗಿತು, ಕೆಳಗೆ ಜಾರಿತು, ಮತ್ತೆ ಮೇಲೆ ಬಂದು ನಿಂತಿತು. ನಾನು ಊಟದ ಸಾಲಿಗೆ ಹೋಗುವುದು ಬಿಟ್ಟು ಅಲ್ಲೇ ನಿಂತೆ.

‘ಯಾವ ರಾಗ ಸ್ವಾಮಿ?’ ಅಂತ ಕೇಳಿದೆ.

‘ತೋಡಿ. ಹೀಗೆ ನುಡಿಸೋದು ಹಳೇ ಕಾಲದ ನಾಗಸ್ವರ ವಿದ್ವಾನ್ ರಾಜರತ್ನಂ ಪಿಳ್ಳೈ ಅವರ ದಾರಿ. ಮೊಬೈಲಲ್ಲಿ ಸಿಗ್ತದೆ, ಅವರದ್ದೇ ಕೇಳಿ’ ಅಂದರು. ನನ್ನ ಮೊಬೈಲ್ ಇಸಿದುಕೊಂಡು, ಪಕ್ಕದಲ್ಲಿದ್ದ ಹುಡುಗನ ಕೈಗೆ ಕೊಟ್ಟು, ಹುಡುಕಿಸಿ, ಇದೇ ಅಂತ ತೋರಿಸಿದರು. ತಮಗೆ ಇಷ್ಟವಾದದ್ದನ್ನು ಇನ್ನೊಬ್ಬರಿಗೆ ಕೇಳಿಸಬೇಕು ಅನ್ನುವ ಆತುರ ಅವರ ಮುಖದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿತ್ತು!

ಊಟ ಮುಗಿಸಿ ಕೋಲಾರದ ಬಸ್ ಹತ್ತಿದೆ. ಮೂವತ್ತು ಕಿಲೋಮೀಟರ್ ಹತ್ತಿರದ ದಾರಿ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಇಯರ್‌ಫೋನ್ ಹಾಕಿಕೊಂಡೆ.

ಮೊದಲು ಕೇಳಿದ್ದು ಹಳೆಯ ಗ್ರಾಮಫೋನ್ ತಟ್ಟೆಯ ಕರಕರ. ಅದರೊಳಗಿಂದ ನಾಗಸ್ವರ ಎದ್ದಿತು. ಎದ್ದಿತು ಅಂತಲೇ ಹೇಳಬೇಕು, ಶುರುವಾಯಿತು ಅಂದರೆ ಸಾಲದು. ತೋಡಿಯ ಗಾಂಧಾರ, ಅಂದರೆ ಸರಿಗಮದ ‘ಗ’, ಒಂದು ಕಡೆ ಗೂಟ ಹೊಡೆದಂತೆ ನಿಲ್ಲುವ ಸ್ವರ ಅಲ್ಲ. ಅದು ಓಲಾಡುತ್ತಲೇ ಇರಬೇಕು, ಆದರೂ ಶ್ರುತಿ ತಪ್ಪಬಾರದು. ರಾಜರತ್ನಂ ಆ ಓಲಾಟಕ್ಕೆ ಆತುರವನ್ನೇ ಪಡುವುದಿಲ್ಲ. ಗಾಂಧಾರದ ಸುತ್ತ ಸುತ್ತುತ್ತಾರೆ, ಧೈವತ (‘ದ’) ಮುಟ್ಟುತ್ತಾರೆ. ಪಂಚಮ (‘ಪ’) ಬಿಟ್ಟು ನುಡಿಸುವುದು ತೋಡಿಯ ಒಂದು ಸೊಗಸು. ಆ ಪಂಚಮಕ್ಕಾಗಿ ಕಿವಿ ಕಾಯುತ್ತಲೇ ಇರುತ್ತದೆ. ಕೊನೆಗೆ ಬಂದಾಗ ಒಂದು ನೆಮ್ಮದಿ. ಆಮೇಲೆ ಇದ್ದಕ್ಕಿದ್ದಂತೆ ಬಿರ್ಕಾಗಳು, ಅಂದರೆ ವೇಗವಾಗಿ ಓಡುವ ಸ್ವರಗಳ ಗೊಂಚಲು. ಮೇಲಿಂದ ಕೆಳಗಿನವರೆಗೆ ಒಂದೇ ಉಸಿರಿನಲ್ಲಿ ಸುರಿಯುತ್ತಾರೆ. ಅಷ್ಟು ವೇಗದಲ್ಲೂ ಪ್ರತಿ ಸ್ವರ ಬೇರೆ ಬೇರೆಯಾಗಿ ಕೇಳುತ್ತದೆ.

ಕಿಟಕಿಯಾಚೆ ಟೊಮೆಟೊ ತೋಟದ ಕಡ್ಡಿಗಳ ಸಾಲು, ರಸ್ತೆ ಬದಿ ಪೇರಿಸಿಟ್ಟ ಕ್ರೇಟುಗಳು, ದೂರದಲ್ಲಿ ಬಂಡೆ ಬೆಟ್ಟ. ನಾನು ಎಷ್ಟೋ ಸಲ ನೋಡಿದ ದಾರಿ. ಕಣ್ಣು ಅಲ್ಲೇ ಇತ್ತು, ಮನಸ್ಸು ಪೂರ್ತಿ ಕಿವಿಯಲ್ಲಿತ್ತು. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷದ ಆಸುಪಾಸು ಮಾತ್ರ ಹಿಡಿಸುತ್ತಿತ್ತು. ದೇವಸ್ಥಾನದ ಉತ್ಸವದಲ್ಲಿ ಗಂಟೆಗಟ್ಟಲೆ ಒಂದೇ ರಾಗ ನುಡಿಸುತ್ತಿದ್ದ ಮನುಷ್ಯ ಅಷ್ಟು ಚಿಕ್ಕ ಜಾಗದಲ್ಲಿ ಇಡೀ ತೋಡಿಯನ್ನು ತಂದು ಕೂರಿಸುತ್ತಾರೆ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಹಾಕಿದೆ. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೂ ಮನೆಗೆ ಹೋಗದೆ, ಅಲ್ಲೇ ಬೆಂಚಿನ ಮೇಲೆ ಕೂತು ರೇಡಿಯೋದ ಒಂದು ಉದ್ದನೆಯ ಆಲಾಪನೆ ಪೂರ್ತಿ ಕೇಳಿದೆ. ಸುತ್ತ ಚಿಂತಾಮಣಿ, ಬಂಗಾರಪೇಟೆ, ಶ್ರೀನಿವಾಸಪುರ ಅಂತ ಕೂಗುತ್ತಿದ್ದರು. ಕಣ್ಣಲ್ಲಿ ನೀರು ಬಂದಿತ್ತು. ದುಃಖಕ್ಕೆ ಅಲ್ಲ. ಇಷ್ಟು ದೊಡ್ಡದೊಂದು ಈ ಲೋಕದಲ್ಲಿದೆ, ಅದು ಇವತ್ತು ನನಗೆ ಸಿಕ್ಕಿತು ಅಂತ.

ಇಷ್ಟವಾದ ಮೇಲೆ ಅವರ ಬಗ್ಗೆ ತಿಳಿದುಕೊಳ್ಳದೆ ಇರಲು ಆಗುತ್ತದಾ? ತಿರುವಾವಡುತುರೈ ರಾಜರತ್ನಂ ಪಿಳ್ಳೈ ಹುಟ್ಟಿದ್ದು 1898ರಲ್ಲಿ, ತಮಿಳುನಾಡಿನ ತಿರುಮರುಗಲ್‌ನಲ್ಲಿ. ಚಿಕ್ಕಂದಿನಲ್ಲಿ ಮೊದಲು ಕಲಿತಿದ್ದು ಹಾಡುಗಾರಿಕೆ. ಇದು ಗೊತ್ತಾದಾಗ ನನಗೆ ಬಹಳ ಅರ್ಥವಾಯಿತು. ಅವರ ನಾಗಸ್ವರ ಊದಿದ ಹಾಗೆ ಕೇಳುವುದಿಲ್ಲ, ಹಾಡಿದ ಹಾಗೆ ಕೇಳುತ್ತದೆ. ಆ ವಾದ್ಯದಲ್ಲಿ ಬೆರಳಿಗೆ ಇರುವುದು ಏಳೇ ತೂತು. ಉಳಿದ ಸ್ವರ, ಗಮಕ, ಜಾರು ಎಲ್ಲವೂ ಉಸಿರಿನ ಒತ್ತಡ, ತುಟಿಯ ಹಿಡಿತ, ಬೆರಳನ್ನು ಅರ್ಧ ಎತ್ತುವ ಲೆಕ್ಕದಿಂದ ಬರಬೇಕು. ಓಲಾಡುವ ಆ ಗಾಂಧಾರವನ್ನು ಅಷ್ಟು ಹೊತ್ತು ಹಿಡಿದು ತೂಗಬೇಕಾದರೆ ಎದೆಯಲ್ಲಿ ಎಷ್ಟು ಉಸಿರು ಬೇಕು!

ಮೊದಲು ಜಾಸ್ತಿ ಬಳಕೆಯಲ್ಲಿದ್ದದ್ದು ತಿಮಿರಿ ಅನ್ನುವ ಗಿಡ್ಡ ನಾಗಸ್ವರ. ಅದರ ಶ್ರುತಿ ಮೇಲು, ದನಿ ಚುರುಕು. ಬೀದಿಯ ಉತ್ಸವಕ್ಕೆ ಅದು ಸರಿ. ರಾಜರತ್ನಂ ‘ಬಾರಿ’ ಅನ್ನುವ ಉದ್ದನೆಯ ನಾಗಸ್ವರ ಹಿಡಿದರು. ಶ್ರುತಿ ಇಳಿಯಿತು, ನಾದ ತುಂಬಿಕೊಂಡಿತು. ಶ್ರುತಿ ಹಿಡಿಯಲು ಊದುವ ಒತ್ತು ಅನ್ನುವ ವಾದ್ಯ ಬಿಟ್ಟು ತಂಬೂರಿ ಇಟ್ಟುಕೊಂಡರು. ಹಾಡುಗಾರರಿಗೆ ಕಛೇರಿಯಲ್ಲಿ ಸಿಗುವ ಮರ್ಯಾದೆಯೇ ನಾಗಸ್ವರದವರಿಗೂ ಸಿಗಬೇಕು ಅಂತ ಹಟ ಹಿಡಿದರು. ಆ ಹಟ ನನಗೆ ತುಂಬ ಇಷ್ಟವಾಯಿತು. ಮದುವೆಗೆ, ದೇವರಿಗೆ ಇವರಿಲ್ಲದೆ ನಡೆಯುವುದಿಲ್ಲ. ಕೂರಿಸುವಾಗ ಮಾತ್ರ ಮೂಲೆಯಲ್ಲಿ ಕೂರಿಸುತ್ತೇವೆ. ನಮ್ಮ ಊರುಗಳಲ್ಲಿ ಇವತ್ತಿಗೂ ಹಾಗೇ ಅಲ್ವಾ?

1947ರ ಆಗಸ್ಟ್ 14ರ ಸಂಜೆ ದೆಹಲಿಯಲ್ಲಿ ತಿರುವಾವಡುತುರೈ ಮಠದವರು ನೆಹರೂ ಅವರಿಗೆ ಸೆಂಗೋಲ್ ಅನ್ನುವ ರಾಜದಂಡ ಕೊಡಲು ಹೋದಾಗ ಅವರ ಜೊತೆ ನಾಗಸ್ವರ ನುಡಿಸಿದವರು ಇದೇ ರಾಜರತ್ನಂ. ತೀರಿಕೊಂಡಿದ್ದು 1956ರ ಡಿಸೆಂಬರ್ 12ಕ್ಕೆ. ನಾನು ಹುಟ್ಟುವ ಎಷ್ಟೋ ಮೊದಲು. ಆದರೂ ನನಗೆ ಅವರು ಹೊಸಬರೇ. ಆ ದಿನ ಹೊಸದಾಗಿ ಬಂದರು.

ರಾತ್ರಿ ಮನೆಯಲ್ಲಿ ಸ್ಪೀಕರಿಗೆ ಹಾಕಿದೆ. ಅಪ್ಪ ಪೇಪರ್ ಮಡಚಿಟ್ಟು ಕೂತರು. ನಮ್ಮದು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಜಿಎಫ್‌ ಕಡೆ ಹೋದರೆ ತಮಿಳು. ಹಾಗಾಗಿ ಅವರಿಗೆ ಹೆಸರು ಮೊದಲೇ ಗೊತ್ತಿತ್ತು. ಅಪ್ಪ ಚಿಕ್ಕವರಿದ್ದಾಗ ಕೋಲಾರದಲ್ಲಿ ದೇವರ ಮೆರವಣಿಗೆ ಒಂದೊಂದು ಬೀದಿ ತಿರುವಿನಲ್ಲೂ ನಿಲ್ಲುತ್ತಿತ್ತಂತೆ. ವಾಲಗದವರು ರಾಗ ಮುಗಿಸುವವರೆಗೆ ಪಲ್ಲಕ್ಕಿ ಹೊತ್ತವರು ಮುಂದೆ ಹೆಜ್ಜೆ ಇಡುತ್ತಿರಲಿಲ್ಲವಂತೆ. ಇದನ್ನು ಅವರು ಇಷ್ಟು ವರ್ಷದಲ್ಲಿ ಯಾವತ್ತೂ ಹೇಳಿರಲಿಲ್ಲ. ತೋಡಿ ಕೇಳುತ್ತಾ ನೆನಪಾಯಿತು, ಹೇಳಿದರು. ಅಮ್ಮನೂ ಅಡುಗೆ ಮನೆ ಬಾಗಿಲಿಗೆ ಬಂದು ನಿಂತರು. ಊಟ ತಡವಾಯಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಈಗ ಯಾವ ಛತ್ರಕ್ಕೆ ಹೋದರೂ ಮೊದಲು ವಾಲಗದವರ ಹತ್ತಿರ ಹೋಗಿ ಕೂರುತ್ತೇನೆ. ಯಾವ ರಾಗ ಅಂತ ಕೇಳುತ್ತೇನೆ. ಕೇಳುವವರು ಇದ್ದಾರೆ ಅಂತ ಗೊತ್ತಾದರೆ ಅವರು ನುಡಿಸುವ ರೀತಿಯೇ ಬೇರೆ. ಸಿನಿಮಾ ಹಾಡು ನಿಲ್ಲಿಸಿ ಎರಡು ನಿಮಿಷ ಮೋಹನವೋ ಕಾಂಭೋಜಿಯೋ ಎಳೆಯುತ್ತಾರೆ. ಗುರುಪೂರ್ಣಿಮೆಗೆ ನಮ್ಮ ಕೈವಾರದಲ್ಲಿ 72 ಗಂಟೆ ಹಗಲು ರಾತ್ರಿ ನಿಲ್ಲದೆ ಸಂಗೀತ ನಡೆಯುತ್ತದೆ. ಈ ಸಲ ನಾಗಸ್ವರದವರು ಯಾವ ಹೊತ್ತಿಗೆ ಅಂತ ವಿಚಾರಿಸಿಕೊಂಡು ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ.

ಕೇಳಬೇಕು ಅನ್ನಿಸಿದರೆ ತೋಡಿಯಿಂದಲೇ ಶುರು ಮಾಡಿ. ಕೆಲಸ ಮಾಡುತ್ತಾ ಕೇಳಬೇಡಿ, ಅರ್ಧ ಗಂಟೆ ಅದಕ್ಕೇ ಕೊಡಿ. ತಟ್ಟೆಯ ಕರಕರಕ್ಕೆ ಹೆದರಬೇಡಿ, ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಬದಿಗೆ ಸರಿಸುತ್ತದೆ. ಆಮೇಲೆ ಅವರ ಶಿಷ್ಯ ಕಾರುಕುರಿಚ್ಚಿ ಅರುಣಾಚಲಂ ಅವರನ್ನು ಕೇಳಿ. ಅವರದ್ದು ಇನ್ನೂ ಮೃದು, ಇನ್ನೂ ಸಿಹಿ. ಆದರೆ ನನ್ನ ಮಟ್ಟಿಗೆ ಗುರುವೇ ಮೊದಲು. ಅವರ ಕಲ್ಯಾಣಿ, ಭೈರವಿ ನಾನಿನ್ನೂ ಪೂರ್ತಿ ಕೇಳಿಲ್ಲ. ಬರುವ ಭಾನುವಾರ ಭೈರವಿ.